ಕಂಪ್ಯೂಟರಿನ ಆಟ ನಡುಮನೆಯ ಟಿ.ವಿ.ಗೆ: ವಿಳಂಬವನ್ನು ಅಳೆದು ತಗ್ಗಿಸುವ ಬಗೆ

ಕೋಣೆಯ ಕಂಪ್ಯೂಟರಿನಲ್ಲಿರುವ ಆಟವನ್ನು ನಡುಮನೆಯ ದೊಡ್ಡ ಟಿ.ವಿ.ಯಲ್ಲಿ ಆಡುವುದು ಹೇಗೆ? ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೆರಡು ಪ್ರಶ್ನೆಗಳು ಬರುತ್ತವೆ. ಒಂದು, "ನನ್ನ ಇಂಟರ್‌ನೆಟ್ ವೇಗ ಇದಕ್ಕೆ ಸಾಕೇ?" ಇನ್ನೊಂದು, "ಎಲ್ಲವನ್ನೂ ಹೊಂದಿಸಿದ್ದೇನೆ, ಚಿತ್ರವೂ ಸ್ಪಷ್ಟವಾಗಿದೆ, ಆದರೆ ಗುಂಡಿ ಒತ್ತಿ ಒಂದು ಗಳಿಗೆಯಾದ ಮೇಲೆ ಪಾತ್ರ ಜಿಗಿಯುತ್ತದೆ, ಏಕೆ?"

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಇಂಟರ್‌ನೆಟ್ ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ. ಆಟದ ಚಿತ್ರ ನಿಮ್ಮ ಕಂಪ್ಯೂಟರಿನಿಂದ ಹೊರಟು, ನಿಮ್ಮದೇ ರೂಟರ್ ಮೂಲಕ ಹಾದು, ನಿಮ್ಮದೇ ಟಿ.ವಿ. ಸೇರುತ್ತದೆ. ಮನೆಯ ಹೊಸ್ತಿಲನ್ನು ಅದು ದಾಟುವುದೇ ಇಲ್ಲ. ಎರಡನೆಯ ಪ್ರಶ್ನೆಗೆ ಉತ್ತರವೇ ಈ ಲೇಖನ. ಹೆಚ್ಚಿನವರು ಚಿತ್ರದ ಅಂದವನ್ನು ಸರಿಪಡಿಸುವುದರಲ್ಲೇ ದಿನಗಟ್ಟಲೆ ಕಳೆಯುತ್ತಾರೆ. ಆಟ ಕೆಡುವುದು ಮಾತ್ರ ವಿಳಂಬದಿಂದ, ಅಂದರೆ ಬೆರಳು ಗುಂಡಿಯನ್ನು ಒತ್ತಿದ ಕ್ಷಣಕ್ಕೂ ಅದರ ಫಲ ಪರದೆಯ ಮೇಲೆ ಕಾಣುವ ಕ್ಷಣಕ್ಕೂ ನಡುವೆ ಕಳೆದುಹೋಗುವ ಸಮಯದಿಂದ. ಆ ಸಮಯ ಎಲ್ಲಿ ಸೋರುತ್ತಿದೆ ಎಂದು ಮೊದಲು ಪತ್ತೆಮಾಡಿ, ಆಮೇಲೆ ಸೆಟ್ಟಿಂಗ್‌ಗಳಿಗೆ ಕೈಹಾಕಿ. ಕೆಳಗಿನ ಹಂತಗಳನ್ನು ಅದಕ್ಕೆ ತಕ್ಕ ಕ್ರಮದಲ್ಲೇ ಜೋಡಿಸಿದ್ದೇನೆ, ಆದ್ದರಿಂದ ಹಿಂದುಮುಂದು ಮಾಡಬೇಡಿ.

ಒಂದು ಫ್ರೇಮಿನ ಪ್ರಯಾಣ

ಮೊದಲು ಎರಡು ಗೊಂದಲಗಳನ್ನು ಬದಿಗಿಡೋಣ. ಮೊಬೈಲ್ ಅಥವಾ ಕಂಪ್ಯೂಟರಿನ ಪರದೆಯನ್ನು ಹಾಗೆಯೇ ಟಿ.ವಿ.ಯಲ್ಲಿ ತೋರಿಸುವ ಸೌಲಭ್ಯಕ್ಕೆ ಮಿರರಿಂಗ್ ಎನ್ನುತ್ತಾರೆ. ಫೋಟೊ ತೋರಿಸಲು, ಸಿನಿಮಾ ನೋಡಲು ಅದು ಸಾಕು. ಚಿತ್ರ ಅರ್ಧ ಸೆಕೆಂಡು ತಡವಾದರೂ ಸಿನಿಮಾಕ್ಕೆ ನಷ್ಟವಿಲ್ಲ. ಆಟಕ್ಕೆ ಅದು ಒಗ್ಗುವುದಿಲ್ಲ. ಇನ್ನೊಂದು ಕ್ಲೌಡ್ ಗೇಮಿಂಗ್. ಅಲ್ಲಿ ಆಟ ನಡೆಯುವುದು ದೂರದ ಯಾವುದೋ ಸರ್ವರಿನಲ್ಲಿ. ಇಂಟರ್‌ನೆಟ್ ವೇಗ ಮುಖ್ಯವಾಗುವುದು ಅಲ್ಲಿ. ನಾವಿಲ್ಲಿ ಮಾತನಾಡುತ್ತಿರುವುದು ನಿಮ್ಮ ಮನೆಯೊಳಗೇ ನಡೆಯುವ ರವಾನೆಯ ಬಗ್ಗೆ.

ಈ ರವಾನೆ ಹೀಗೆ ನಡೆಯುತ್ತದೆ. ಚಲಿಸುವ ಚಿತ್ರದ ಒಂದೊಂದು ನಿಶ್ಚಲ ಚಿತ್ರಕ್ಕೆ ಫ್ರೇಮ್ ಎನ್ನುತ್ತಾರೆ. 1920 ಅಡ್ಡ ಚುಕ್ಕೆ, 1080 ಸಾಲು ಇರುವ ಪೂರ್ಣ ಎಚ್‌ಡಿ ಫ್ರೇಮಿನಲ್ಲಿ 20,73,600 ಚುಕ್ಕೆಗಳಿರುತ್ತವೆ. ಒಂದೊಂದು ಚುಕ್ಕೆಯ ಬಣ್ಣಕ್ಕೆ 24 ಬಿಟ್. ಸೆಕೆಂಡಿಗೆ 60 ಫ್ರೇಮ್ ಕಳುಹಿಸಬೇಕೆಂದರೆ ಸುಮಾರು 300 ಕೋಟಿ ಬಿಟ್‌ಗಳಾದವು, ಅಂದರೆ 3 ಗಿಗಾಬಿಟ್. ಸಾಮಾನ್ಯ ಮನೆಯ ಜಾಲ ಇಷ್ಟು ಹೊರೆಯನ್ನು ಹೊರಲಾರದು. ಆದ್ದರಿಂದ ಗ್ರಾಫಿಕ್ಸ್ ಕಾರ್ಡಿನೊಳಗಿರುವ ಎನ್‌ಕೋಡರ್ ಎಂಬ ಭಾಗ ಪ್ರತಿ ಫ್ರೇಮನ್ನೂ ಹಿಂಡಿ ಸುಮಾರು ನೂರೈವತ್ತರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಹೀಗೆ ಸೆಕೆಂಡಿಗೆ 20 ಮೆಗಾಬಿಟ್‌ಗೆ ಇಳಿದ ಹೊರೆ ಜಾಲದಲ್ಲಿ ಸಾಗುತ್ತದೆ. ಟಿ.ವಿ. ಬದಿಯ ಡಿಕೋಡರ್ ಅದನ್ನು ಬಿಚ್ಚಿ ಮತ್ತೆ ಚಿತ್ರವಾಗಿಸುತ್ತದೆ. ಕೊನೆಗೆ ಟಿ.ವಿ. ಅದನ್ನು ಪರದೆಯ ಮೇಲೆ ಮೂಡಿಸುತ್ತದೆ.

ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದು ಫ್ರೇಮಿನ ಆಯುಷ್ಯ 16.7 ಮಿಲಿಸೆಕೆಂಡು. ಮಿಲಿಸೆಕೆಂಡು ಸೆಕೆಂಡಿನ ಸಾವಿರದಲ್ಲೊಂದು ಭಾಗ. ಹಿಂಡುವುದಕ್ಕೆ ಕೆಲವು ಮಿಲಿಸೆಕೆಂಡು, ಜಾಲ ದಾಟುವುದಕ್ಕೆ ಕೆಲವು, ಬಿಚ್ಚುವುದಕ್ಕೆ ಕೆಲವು, ಟಿ.ವಿ.ಯ ಸಂಸ್ಕರಣೆಗೆ ಇನ್ನಷ್ಟು. ಇವೆಲ್ಲ ಕೂಡಿ ಮೂರು ಫ್ರೇಮಿನೊಳಗೆ, ಅಂದರೆ 50 ಮಿಲಿಸೆಕೆಂಡಿನ ಒಳಗೆ ಇದ್ದರೆ ಬಹುಪಾಲು ಆಟಗಳಲ್ಲಿ ಕೈಗೂ ಕಣ್ಣಿಗೂ ಅಂತರ ಗೊತ್ತಾಗುವುದಿಲ್ಲ. ನೂರು ದಾಟಿದರೆ ಪಾತ್ರ ಕೆಸರಿನಲ್ಲಿ ಓಡಿದಂತೆ ಅನಿಸುತ್ತದೆ.

ಬೇಕಾಗುವ ಸಾಮಗ್ರಿ

ಕಂಪ್ಯೂಟರಿನಲ್ಲಿ ವಿಡಿಯೊ ಎನ್‌ಕೋಡರ್ ಇರುವ ಗ್ರಾಫಿಕ್ಸ್ ಕಾರ್ಡ್ ಬೇಕು. ಇದಕ್ಕೆ ಚಿಂತೆ ಬೇಡ. ಇಂಟೆಲ್ 2011ರಿಂದ, ಎನ್‌ವಿಡಿಯಾ 2012ರಿಂದ ತಮ್ಮ ಚಿಪ್‌ಗಳಲ್ಲಿ ಇದನ್ನು ಕೊಡುತ್ತ ಬಂದಿವೆ. ಎಎಮ್‌ಡಿ ಕಾರ್ಡುಗಳಲ್ಲೂ ಇದೆ. ಟಿ.ವಿ. ಬದಿಯಲ್ಲಿ ಆಂಡ್ರಾಯ್ಡ್ ಟಿ.ವಿ., ಗೂಗಲ್ ಟಿ.ವಿ., ಫೈರ್ ಟಿ.ವಿ., ಆ್ಯಪಲ್ ಟಿ.ವಿ. ಇವುಗಳಲ್ಲಿ ಯಾವುದಾದರೊಂದು, ಇಲ್ಲವೆ ಎಚ್‌ಡಿಎಮ್‌ಐ ಮೂಲಕ ಜೋಡಿಸಿದ ಹಳೆಯ ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇದ್ದರೆ ಸಾಕು. ವಾಲ್ವ್ ಕಂಪನಿ 2015ರಿಂದ 2018ರವರೆಗೆ ಇದೇ ರವಾನೆಗೆಂದು ಮಾರಿದ ಸ್ಟೀಮ್ ಲಿಂಕ್ ಎಂಬ ಪುಟ್ಟ ಕಪ್ಪು ಪೆಟ್ಟಿಗೆ ಯಾರ ಬಳಿಯಾದರೂ ಇದ್ದರೆ ಎಸೆಯಬೇಡಿ. ಪೂರ್ಣ ಎಚ್‌ಡಿ ಮಟ್ಟದವರೆಗೆ ಅದು ಇಂದಿಗೂ ಒಳ್ಳೆಯ ಸಾಧನ.

ಇವುಗಳ ಜೊತೆಗೆ ಒಂದು ಗೇಮ್‌ಪ್ಯಾಡ್, ಒಂದು ರೂಟರ್ ಮತ್ತು ಸಾಧ್ಯವಾದರೆ ಎರಡು ಲ್ಯಾನ್ ಕೇಬಲ್.

ಕಂಪ್ಯೂಟರ್ ಮತ್ತು ಟಿ.ವಿ. ಒಂದೇ ಕೋಣೆಯಲ್ಲಿದ್ದರೆ, ಅಥವಾ ಒಂದೇ ಗೋಡೆಯ ಆಚೀಚೆ ಇದ್ದರೆ, ಇಲ್ಲಿಗೇ ಓದುವುದನ್ನು ನಿಲ್ಲಿಸಿ ಒಂದು ಉದ್ದನೆಯ ಎಚ್‌ಡಿಎಮ್‌ಐ ಕೇಬಲ್ ತನ್ನಿ. ಹಿಂಡುವುದೂ ಇಲ್ಲ, ಬಿಚ್ಚುವುದೂ ಇಲ್ಲ, ರವಾನೆಯ ವಿಳಂಬವೂ ಇಲ್ಲ. ಈ ಲೇಖನದ ಎಲ್ಲ ಹಂತಗಳನ್ನು ಸರಿಯಾಗಿ ಮಾಡಿದರೂ ಆ ಕೇಬಲ್ಲಿನ ಸಮಕ್ಕೆ ಬರುವುದಿಲ್ಲ.

ಹಂತ 1: ದಾರಿ ಸರಿಮಾಡಿ

ಯಾವ ತಂತ್ರಾಂಶವನ್ನೂ ಹಾಕುವ ಮೊದಲು ಕಂಪ್ಯೂಟರಿನಿಂದ ರೂಟರಿಗೆ ಲ್ಯಾನ್ ಕೇಬಲ್ ಎಳೆಯಿರಿ. ಇಡೀ ಲೇಖನದಲ್ಲಿ ಒಂದೇ ಒಂದು ಮಾತನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಕಾರಣವಿದೆ. ವೈಫೈನಲ್ಲಿ ಒಂದು ಚಾನೆಲ್ಲಿನ ಮೇಲೆ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಸಾಧನ ಮಾತನಾಡಲು ಸಾಧ್ಯ. ಕಂಪ್ಯೂಟರ್ ಮತ್ತು ಟಿ.ವಿ. ಎರಡೂ ವೈಫೈನಲ್ಲಿದ್ದರೆ ಪ್ರತಿ ಫ್ರೇಮೂ ಎರಡು ಸಲ ಗಾಳಿಯಲ್ಲಿ ಸಾಗಬೇಕು: ಕಂಪ್ಯೂಟರಿನಿಂದ ರೂಟರಿಗೆ ಒಮ್ಮೆ, ರೂಟರಿನಿಂದ ಟಿ.ವಿ.ಗೆ ಇನ್ನೊಮ್ಮೆ. ಎರಡೂ ಸಲ ಸರದಿಗಾಗಿ ಕಾಯಬೇಕು. ಕಂಪ್ಯೂಟರಿಗೆ ಕೇಬಲ್ ಹಾಕಿದ ಕೂಡಲೇ ಗಾಳಿಯ ಮೇಲಿನ ಹೊರೆ ಅರ್ಧಕ್ಕೆ ಇಳಿಯುತ್ತದೆ. ಕ್ಯಾಟ್ 5ಇ ದರ್ಜೆಯ ಸಾಧಾರಣ ಕೇಬಲ್ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸಬಲ್ಲದು. ದುಬಾರಿ ಕೇಬಲ್ ಬೇಡ.

ಟಿ.ವಿ.ಗೂ ಕೇಬಲ್ ಎಳೆಯಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಇಲ್ಲೊಂದು ಸೂಕ್ಷ್ಮವಿದೆ. ಬಹಳಷ್ಟು ಟಿ.ವಿ.ಗಳ ಲ್ಯಾನ್ ಪೋರ್ಟ್ ಸೆಕೆಂಡಿಗೆ 100 ಮೆಗಾಬಿಟ್‌ಗೇ ಸೀಮಿತ. ಪೂರ್ಣ ಎಚ್‌ಡಿಗೆ ಬೇಕಾದ 20 ಮೆಗಾಬಿಟ್‌ಗೆ ಅದು ಧಾರಾಳ. 4ಕೆ ಚಿತ್ರಕ್ಕೆ 80 ಮೆಗಾಬಿಟ್ ಇಟ್ಟರೆ ಮಾತ್ರ ಅಂಚಿಗೆ ಬಂದು ನಿಲ್ಲುತ್ತೀರಿ. ಅಂಥ ಟಿ.ವಿ.ಯಲ್ಲಿ 60ಕ್ಕೆ ಇಳಿಸಿಕೊಳ್ಳಿ.

ಟಿ.ವಿ. ವೈಫೈನಲ್ಲೇ ಇರಬೇಕೆಂದಾದರೆ 5 ಗಿಗಾಹರ್ಟ್ಸ್ ಪಟ್ಟಿಯನ್ನೇ ಬಳಸಿ. 2.4 ಗಿಗಾಹರ್ಟ್ಸ್ ಪಟ್ಟಿ ಇಕ್ಕಟ್ಟಾದ ಓಣಿ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅಕ್ಕಪಕ್ಕದ ಮನೆಗಳ ರೂಟರುಗಳು, ಮೈಕ್ರೋವೇವ್ ಒಲೆ, ಬ್ಲೂಟೂತ್ ಎಲ್ಲವೂ ಅಲ್ಲೇ ನುಗ್ಗುತ್ತವೆ. ನಿಮ್ಮ ಗೇಮ್‌ಪ್ಯಾಡ್ ಕೂಡ ಬ್ಲೂಟೂತ್ ಆಗಿದ್ದರೆ ಅದೂ ಅದೇ ಓಣಿಯ ವಾಸಿ. ಆಡುತ್ತಿರುವಾಗ ಅದರ ಸಂಕೇತ, ವಿಡಿಯೊದ ಸಂಕೇತ ಎರಡೂ ಒಂದನ್ನೊಂದು ತಳ್ಳಾಡುತ್ತವೆ. ರೂಟರ್ ಎರಡೂ ಪಟ್ಟಿಗಳಿಗೆ ಒಂದೇ ಹೆಸರು ಕೊಟ್ಟಿದ್ದರೆ ಟಿ.ವಿ. ಯಾವುದನ್ನು ಹಿಡಿದಿದೆ ಎಂದು ಗೊತ್ತಾಗುವುದಿಲ್ಲ. ರೂಟರಿನ ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು, 5ರದ್ದಕ್ಕೇ ಟಿ.ವಿ.ಯನ್ನು ಜೋಡಿಸಿ. 5 ಗಿಗಾಹರ್ಟ್ಸ್ ಸಂಕೇತ ಗೋಡೆಗಳನ್ನು ಅಷ್ಟಾಗಿ ಭೇದಿಸುವುದಿಲ್ಲ. ಎರಡು ಮೂರು ಗೋಡೆಗಳು ಅಡ್ಡ ಇದ್ದರೆ ರೂಟರನ್ನೇ ಟಿ.ವಿ. ಹತ್ತಿರಕ್ಕೆ ತಂದು, ಕಂಪ್ಯೂಟರಿನ ಕಡೆಗೆ ಕೇಬಲ್ ಎಳೆಯುವುದು ಜಾಣತನ.

ಈಗ ದಾರಿಯನ್ನು ಪರೀಕ್ಷಿಸಿ. ಟಿ.ವಿ.ಯ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಅದರ ಐಪಿ ವಿಳಾಸ ಸಿಗುತ್ತದೆ. ಚುಕ್ಕೆಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳ ಗುಂಪಾಗಿರುವ ಇದು ಮನೆಯ ಜಾಲದಲ್ಲಿ ಟಿ.ವಿ.ಯ ಗುರುತು. ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್, ಅಂದರೆ ಆಜ್ಞೆಗಳನ್ನು ಬರೆಯುವ ಕಿಟಕಿ, ತೆರೆದು ಆ ವಿಳಾಸಕ್ಕೆ ಪಿಂಗ್ ಆಜ್ಞೆ ಕೊಡಿ. ನಿಲ್ಲದೆ ಸಾಗುವಂತೆ ಕೊಟ್ಟು ಎರಡು ನಿಮಿಷ ಬಿಟ್ಟು ನೋಡಿ. ಒಂದು ಪುಟ್ಟ ಪೊಟ್ಟಣ ಹೋಗಿ ಬರಲು ತಗಲುವ ಸಮಯ ಸಾಲುಸಾಲಾಗಿ ಬೀಳುತ್ತದೆ. ಎರಡೂ ಬದಿ ಕೇಬಲ್ ಇದ್ದರೆ ಪ್ರತಿ ಸಾಲಿನಲ್ಲೂ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಕಾಣಬೇಕು. ಒಳ್ಳೆಯ ವೈಫೈನಲ್ಲಿ 2, 3, 2, 5, 3 ಎಂದು ಬರುತ್ತದೆ. 3, 4, 3, 87, 4, 2, 140 ಎಂದು ಬಂದರೆ ಅಲ್ಲಿಯೇ ನಿಲ್ಲಿ. ಇದರ ಸರಾಸರಿ ತೆಗೆದು ಸಮಾಧಾನಪಟ್ಟುಕೊಳ್ಳಬೇಡಿ. ಆಟ ಕೆಡಿಸುವುದು ಆ 87 ಮತ್ತು 140. ಈ ಏರುಪೇರಿಗೆ ಜಿಟರ್ ಎಂದು ಹೆಸರು. ಸಿನಿಮಾ ಮುಂಚಿತವಾಗಿ ಕೆಲವು ಸೆಕೆಂಡುಗಳಷ್ಟು ಕೂಡಿಟ್ಟುಕೊಂಡು ಓಡುತ್ತದೆ, ಹಾಗಾಗಿ ಅದೇ ಟಿ.ವಿ.ಯಲ್ಲಿ ಅದು ಸಲೀಸಾಗಿ ಕಾಣುತ್ತದೆ. ಆಟ ಮುಂಚಿತವಾಗಿ ಏನನ್ನೂ ಕೂಡಿಡಲಾರದು, ಏಕೆಂದರೆ ಮುಂದಿನ ಫ್ರೇಮ್ ಏನೆಂದು ನಿರ್ಧರಿಸುವವರು ನೀವು.

ಸಂಕೇತವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಮೆಶ್ ರೂಟರುಗಳನ್ನು ಬಳಸುವವರು ಗಮನಿಸಬೇಕಾದ ಮಾತು: ಆ ಗೋಪುರಗಳು ತಮ್ಮತಮ್ಮಲ್ಲಿ ವೈಫೈನಲ್ಲೇ ಮಾತನಾಡುತ್ತಿದ್ದರೆ ಮತ್ತೊಂದು ಗಾಳಿಯ ಜಿಗಿತ ಸೇರಿತೆಂದೇ ಅರ್ಥ. ಅವುಗಳ ನಡುವೆಯಾದರೂ ಕೇಬಲ್ ಹಾಕಿ.

ಹಂತ 2: ಟಿ.ವಿ.ಯ ಗೇಮ್ ಮೋಡ್

ಟಿ.ವಿ.ಗಳು ಚಿತ್ರವನ್ನು ಬಂದ ಹಾಗೆಯೇ ತೋರಿಸುವುದಿಲ್ಲ. ಚಲನೆಯನ್ನು ನಯಗೊಳಿಸುತ್ತವೆ, ಮಸುಕನ್ನು ತೆಗೆಯುತ್ತವೆ, ಬಣ್ಣ ತುಂಬುತ್ತವೆ. ಒಂದೊಂದಕ್ಕೂ ಸಮಯ ಬೇಕು. ಚಲನೆ ನಯಗೊಳಿಸಲು ಮುಂದಿನ ಫ್ರೇಮ್ ಬರುವವರೆಗೆ ಕಾಯಲೇಬೇಕು, ಆದ್ದರಿಂದ ಅಲ್ಲಿ ಆಗುವ ನಷ್ಟ ದೊಡ್ಡದು. ಚಿತ್ರದ ಸೆಟ್ಟಿಂಗ್‌ಗೆ ಹೋಗಿ ಗೇಮ್ ಮೋಡ್ ಚಾಲೂ ಮಾಡಿದರೆ ಈ ಅಲಂಕಾರಗಳೆಲ್ಲ ಒಮ್ಮೆಗೇ ನಿಲ್ಲುತ್ತವೆ. ಫೈರ್ ಟಿ.ವಿ.ಯಂಥ ಪೆಟ್ಟಿಗೆಯೋ ಕಡ್ಡಿಯೋ ಎಚ್‌ಡಿಎಮ್‌ಐನಲ್ಲಿ ಜೋಡಿಸಿದ್ದರೆ ಆ ಎಚ್‌ಡಿಎಮ್‌ಐ ಕಿಂಡಿಗೇ ಗೇಮ್ ಮೋಡ್ ಹಾಕಬೇಕು. ಕಿಂಡಿ ಬದಲಾದರೆ ಸೆಟ್ಟಿಂಗೂ ಬದಲಾಗುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಟಿ.ವಿ.ಯೊಳಗಿನ ಆ್ಯಪ್‌ನಲ್ಲೇ ಆಡುವವರಿಗೆ ಕೆಲವು ಟಿ.ವಿ.ಗಳು ಗೇಮ್ ಮೋಡನ್ನೇ ಕೊಡುವುದಿಲ್ಲ. ಆಗ ಚಲನೆ ನಯಗೊಳಿಸುವ ಸೌಲಭ್ಯವನ್ನಾದರೂ ಕೈಯಾರೆ ನಿಲ್ಲಿಸಿಬಿಡಿ.

ಇಲ್ಲೇ ಇನ್ನೊಂದನ್ನೂ ನೋಡಿಬಿಡಿ. ಆಂಡ್ರಾಯ್ಡ್ ಪೆಟ್ಟಿಗೆಗಳಲ್ಲಿ ಪರದೆಯ ದರ 50 ಹರ್ಟ್ಸ್‌ಗೆ ನಿಂತಿರುವುದುಂಟು. ಕಂಪ್ಯೂಟರ್ ಸೆಕೆಂಡಿಗೆ 60 ಕಳುಹಿಸುತ್ತದೆ, ಟಿ.ವಿ. 50 ತೋರಿಸುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಪ್ರತಿ ಆರು ಫ್ರೇಮಿಗೆ ಒಂದು ಬಿದ್ದುಹೋಗಿ ಸೆಕೆಂಡಿಗೆ ಹತ್ತು ಸಲ ಚಿತ್ರ ತಡವರಿಸುತ್ತದೆ. ಜಾಲ ಎಷ್ಟೇ ಚೆನ್ನಾಗಿದ್ದರೂ ಇದು ಹೋಗುವುದಿಲ್ಲ. ಪೆಟ್ಟಿಗೆಯ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 60 ಹರ್ಟ್ಸ್ ಎಂದು ಬದಲಿಸಿ.

ಹಂತ 3: ತಂತ್ರಾಂಶ ಆರಿಸಿ

ಎರಡು ದಾರಿಗಳಿವೆ, ಎರಡೂ ಉಚಿತ.

ಮೊದಲನೆಯದು ವಾಲ್ವ್ ಕಂಪನಿಯ ಆಟಗಳ ಅಂಗಡಿಯಾದ ಸ್ಟೀಮ್. ನಿಮ್ಮ ಆಟಗಳೆಲ್ಲ ಸ್ಟೀಮ್‌ನಲ್ಲೇ ಇದ್ದರೆ ಇದು ಸುಲಭ. ಕಂಪ್ಯೂಟರಿನಲ್ಲಿ ಸ್ಟೀಮ್ ತೆರೆದು ಸೆಟ್ಟಿಂಗ್‌ನೊಳಗಿನ ರಿಮೋಟ್ ಪ್ಲೇ ವಿಭಾಗದಲ್ಲಿ ಅದನ್ನು ಚಾಲೂ ಮಾಡಿ. ಟಿ.ವಿ.ಯಲ್ಲಿ ಸ್ಟೀಮ್ ಲಿಂಕ್ ಆ್ಯಪ್ ಹಾಕಿ. ಅಷ್ಟೇ.

ಎರಡನೆಯದು ಸನ್‌ಶೈನ್ ಮತ್ತು ಮೂನ್‌ಲೈಟ್ ಜೋಡಿ. ಎರಡೂ ಮುಕ್ತ ತಂತ್ರಾಂಶಗಳು. ಸನ್‌ಶೈನ್ ಕಂಪ್ಯೂಟರಿನಲ್ಲಿದ್ದು ಚಿತ್ರ ಕಳುಹಿಸುತ್ತದೆ, ಮೂನ್‌ಲೈಟ್ ಟಿ.ವಿ.ಯಲ್ಲಿದ್ದು ಅದನ್ನು ಪಡೆಯುತ್ತದೆ. ಯಾವ ಅಂಗಡಿಯಿಂದ ಕೊಂಡ ಆಟವಾದರೂ ನಡೆಯುತ್ತದೆ, ಕಂಪ್ಯೂಟರಿನ ಇಡೀ ಪರದೆಯನ್ನೇ ಬೇಕಾದರೂ ತರಬಹುದು. ಸ್ಟೀಮಿಗಿಂತ ಹೊಂದಿಸುವ ಕೆಲಸ ತುಸು ಹೆಚ್ಚು. ಆದರೂ ನನ್ನ ಒಲವು ಇದರ ಕಡೆಗೇ, ಏಕೆಂದರೆ ಎಲ್ಲಿ ಎಷ್ಟು ಸಮಯ ಹೋಗುತ್ತಿದೆ ಎಂಬುದನ್ನು ಮೂನ್‌ಲೈಟ್ ಬಿಡಿಸಿ ತೋರಿಸುತ್ತದೆ. ಏಳನೇ ಹಂತದಲ್ಲಿ ಅದರ ಬೆಲೆ ತಿಳಿಯುತ್ತದೆ.

ಹಳೆಯ ಮಾರ್ಗದರ್ಶಿಗಳನ್ನು ಓದುವಾಗ ಎಚ್ಚರವಿರಲಿ. ಎನ್‌ವಿಡಿಯಾದ ಗೇಮ್‌ಸ್ಟ್ರೀಮ್ ಎಂಬ ಸೌಲಭ್ಯವನ್ನು ಚಾಲೂ ಮಾಡಿ ಎಂದು ಅವು ಹೇಳುತ್ತವೆ. 2023ರಲ್ಲಿ ಕಂಪನಿ ತನ್ನ ಶೀಲ್ಡ್ ಸಾಧನಗಳಿಂದ ಅದನ್ನು ಹಿಂತೆಗೆದುಕೊಂಡಿತು. ಮೂನ್‌ಲೈಟ್ ಹುಟ್ಟಿದ್ದೇ ಆ ಸೌಲಭ್ಯಕ್ಕಾಗಿ. ಇಂದು ಆ ಜಾಗದಲ್ಲಿ ಸನ್‌ಶೈನ್ ಇದೆ, ಅದು ಎಎಮ್‌ಡಿ ಮತ್ತು ಇಂಟೆಲ್ ಕಾರ್ಡುಗಳಲ್ಲೂ ಕೆಲಸ ಮಾಡುತ್ತದೆ.

ಹಂತ 4: ಜೋಡಿಸುವುದು

ಸನ್‌ಶೈನ್ ಹಾಕಿದ ಮೇಲೆ ಅದರ ಕಿಟಕಿಯೇ ಕಾಣಲಿಲ್ಲವೆಂದು ಗಾಬರಿಯಾಗಬೇಡಿ. ಅದರ ಸೆಟ್ಟಿಂಗ್ ಪುಟ ಬ್ರೌಸರಿನಲ್ಲಿ, 47990 ಎಂಬ ಪೋರ್ಟ್ ಸಂಖ್ಯೆಯಲ್ಲಿ ತೆರೆದುಕೊಳ್ಳುತ್ತದೆ. ಗಡಿಯಾರದ ಪಕ್ಕದ ಚಿಹ್ನೆಯ ಮೂಲಕ ಅಲ್ಲಿಗೆ ಹೋಗಬಹುದು. ಈ ಪುಟ ಸುರಕ್ಷಿತವಲ್ಲ ಎಂದು ಬ್ರೌಸರ್ ಎಚ್ಚರಿಸುತ್ತದೆ. ಸನ್‌ಶೈನ್ ತನ್ನ ಪ್ರಮಾಣಪತ್ರಕ್ಕೆ ತಾನೇ ಸಹಿ ಹಾಕಿಕೊಂಡಿರುವುದರಿಂದ ಬರುವ ಎಚ್ಚರಿಕೆ ಅದು. ನಿಮ್ಮದೇ ಕಂಪ್ಯೂಟರಿನ ಪುಟವಾದ್ದರಿಂದ ಮುಂದುವರಿಯಿರಿ. ಹೊಸ ಹೆಸರು, ಗುಪ್ತಪದ ಕೊಟ್ಟು ಬರೆದಿಟ್ಟುಕೊಳ್ಳಿ.

ಟಿ.ವಿ.ಯಲ್ಲಿ ಮೂನ್‌ಲೈಟ್ ತೆರೆದರೆ ಕಂಪ್ಯೂಟರಿನ ಹೆಸರು ಕಾಣುತ್ತದೆ. ಅದನ್ನು ಒತ್ತಿದಾಗ ನಾಲ್ಕು ಅಂಕಿಗಳ ಪಿನ್ ಬರುತ್ತದೆ. ಅದನ್ನು ಸನ್‌ಶೈನ್ ಪುಟದ ಪಿನ್ ವಿಭಾಗದಲ್ಲಿ ತುಂಬಿ. ಸ್ಟೀಮ್ ಲಿಂಕಿನಲ್ಲೂ ಹೀಗೆಯೇ ಟಿ.ವಿ.ಯಲ್ಲಿ ಕಾಣುವ ನಾಲ್ಕು ಅಂಕಿಗಳನ್ನು ಕಂಪ್ಯೂಟರಿನಲ್ಲಿ ಒತ್ತಬೇಕು.

ಕಂಪ್ಯೂಟರಿನ ಹೆಸರು ಕಾಣದಿದ್ದರೆ ಮೂರು ಕಡೆ ನೋಡಿ. ಟಿ.ವಿ. ಅತಿಥಿ ವೈಫೈಗೆ ಜೋಡಿಕೊಂಡಿರಬಹುದು. ಅತಿಥಿ ಜಾಲದಲ್ಲಿರುವ ಸಾಧನಗಳಿಗೆ ಮನೆಯ ಉಳಿದ ಸಾಧನಗಳು ಕಾಣದಂತೆ ರೂಟರೇ ತಡೆಯುತ್ತದೆ. ಇಲ್ಲವೆ ವಿಂಡೋಸ್ ನಿಮ್ಮ ಮನೆಯ ಜಾಲವನ್ನು ಸಾರ್ವಜನಿಕ ಜಾಲವೆಂದು ಗುರುತಿಸಿರಬಹುದು. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಅದನ್ನು ಖಾಸಗಿ ಎಂದು ಬದಲಿಸಿ. ಎರಡೂ ಸರಿಯಿದ್ದರೆ ಉಳಿಯುವುದು ಫೈರ್‌ವಾಲ್, ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ಕಾವಲು. ಇಲ್ಲಿ ಹಲವರು ಫೈರ್‌ವಾಲನ್ನೇ ಪೂರ್ತಿ ಆರಿಸಿಬಿಡುತ್ತಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ ಅದು. ಫೈರ್‌ವಾಲಿನ ಪಟ್ಟಿಯಲ್ಲಿ ಸನ್‌ಶೈನ್ ಅಥವಾ ಸ್ಟೀಮ್ ಒಂದಕ್ಕೆ ಮಾತ್ರ ಅನುಮತಿ ಕೊಟ್ಟರೆ ಸಾಕು.

ಜೋಡಣೆಯಾಗಿಯೂ ಪರದೆ ಕಪ್ಪಾಗಿದ್ದರೆ, ಅದರಲ್ಲೂ ನಿಮ್ಮದು ಲ್ಯಾಪ್‌ಟಾಪ್ ಆಗಿದ್ದರೆ, ಅದರಲ್ಲಿ ಎರಡು ಗ್ರಾಫಿಕ್ಸ್ ಚಿಪ್‌ಗಳಿವೆಯೇ ನೋಡಿ. ಆಟ ಒಂದರಲ್ಲಿ ನಡೆದು, ಪರದೆ ಇನ್ನೊಂದಕ್ಕೆ ಅಂಟಿಕೊಂಡಿದ್ದರೆ ಸನ್‌ಶೈನ್ ಚಿತ್ರ ಹಿಡಿಯಲು ತೊಡಕಾಗುತ್ತದೆ. ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಎರಡನ್ನೂ ಒಂದೇ ಚಿಪ್ಪಿಗೆ ತರುವ ಪ್ರಯತ್ನ ಮಾಡಿ. ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ಓಡಿಸಬೇಡಿ, ಚಾರ್ಜರ್ ಹಾಕಿಯೇ ಆಡಿ.

ಹಂತ 5: ಮೊದಲ ಸೆಟ್ಟಿಂಗ್, ಕೆಳಗಿನಿಂದ ಮೇಲಕ್ಕೆ

ಟಿ.ವಿ. 4ಕೆ ಆಗಿದ್ದರೂ ಮೊದಲ ದಿನ ಪೂರ್ಣ ಎಚ್‌ಡಿ, 60 ಫ್ರೇಮ್, 20 ಮೆಗಾಬಿಟ್ ಇಟ್ಟು ಶುರುಮಾಡಿ. ಸೆಕೆಂಡಿಗೆ ಎಷ್ಟು ಮಾಹಿತಿ ಸಾಗಬೇಕು ಎಂಬ ಈ ಮೆಗಾಬಿಟ್ ಲೆಕ್ಕಕ್ಕೆ ಬಿಟ್‌ರೇಟ್ ಎನ್ನುತ್ತಾರೆ. ಇದು ಸಲೀಸಾಗಿ ನಡೆದರೆ ಒಂದೊಂದನ್ನೇ ಏರಿಸಿ, ಒಮ್ಮೆಗೆ ಒಂದನ್ನು ಮಾತ್ರ. ಎಲ್ಲವನ್ನೂ ಒಟ್ಟಿಗೆ ಏರಿಸಿದರೆ ಕೆಟ್ಟಾಗ ಯಾವುದರಿಂದ ಕೆಟ್ಟಿತೆಂದು ಹೇಳಲಾಗದು.

ಹಿಂಡುವ ವಿಧಾನಕ್ಕೆ ಕೋಡೆಕ್ ಎಂಬ ಹೆಸರಿದೆ. ಎಚ್.264 ಎಂಬುದು 2003ರದ್ದು, ಎಲ್ಲೆಡೆ ನಡೆಯುತ್ತದೆ. ಎಚ್‌ಇವಿಸಿ 2013ರದ್ದು, ಅಷ್ಟೇ ಬಿಟ್‌ರೇಟಿಗೆ ಹೆಚ್ಚು ಸ್ಪಷ್ಟ ಚಿತ್ರ ಕೊಡುತ್ತದೆ. ಎವಿ1 ಇನ್ನೂ ಹೊಸದು, ಅದಕ್ಕೆ ಎರಡೂ ಬದಿಯ ಯಂತ್ರಾಂಶ ಹೊಸದಾಗಿರಬೇಕು. 4ಕೆ ಟಿ.ವಿ. ಇದ್ದವರು ಎಚ್‌ಇವಿಸಿ ಆರಿಸಿಕೊಳ್ಳಿ. ಟಿ.ವಿ.ಯ ಚಿಪ್ ಹಳೆಯದಾಗಿ ಬಿಚ್ಚುವುದಕ್ಕೇ ಏದುಸಿರು ಬಿಡುತ್ತಿದ್ದರೆ ಎಚ್.264ಕ್ಕೆ ಮರಳಿ.

ಇನ್ನು ಬಹಳ ಕಡೆ ಸಿಗದ ಒಂದು ಸಲಹೆ. ಆಟದೊಳಗಿನ ಸೆಟ್ಟಿಂಗ್‌ನಲ್ಲಿ ಫ್ರೇಮ್ ಮಿತಿಯನ್ನು 60ಕ್ಕೆ ಕಟ್ಟಿಹಾಕಿ, ವಿ-ಸಿಂಕ್ ಆಫ್ ಮಾಡಿ. ಪರದೆಯ ಲಯಕ್ಕೆ ಸರಿಯಾಗಿ ಫ್ರೇಮ್ ಬಿಡಲು ಆಟವನ್ನು ಕಾಯಿಸುವ ಸೌಲಭ್ಯ ಈ ವಿ-ಸಿಂಕ್. ಮಿತಿ ಇಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡ್ ತನ್ನ ಶಕ್ತಿಯನ್ನೆಲ್ಲ ಸುರಿದು ಸೆಕೆಂಡಿಗೆ ನೂರಾರು ಫ್ರೇಮ್ ಬಿಡಿಸುತ್ತದೆ. ಟಿ.ವಿ.ಗೆ ಹೋಗುವುದು 60 ಮಾತ್ರ. ಉಳಿದದ್ದು ವ್ಯರ್ಥ. ಅದಕ್ಕಿಂತ ಕೆಟ್ಟದ್ದೆಂದರೆ, ಕಾರ್ಡ್ ನೂರಕ್ಕೆ ನೂರು ದುಡಿಯುತ್ತಿರುವಾಗ ಚಿತ್ರ ಹಿಡಿದು ಹಿಂಡುವ ಕೆಲಸಕ್ಕೆ ಸರದಿ ಸಿಗುವುದೇ ಇಲ್ಲ. ಕಂಪ್ಯೂಟರಿನ ಮಾನಿಟರಿನಲ್ಲಿ ಆಟ ಬೆಣ್ಣೆಯಂತೆ ಓಡುತ್ತಿರುತ್ತದೆ, ಟಿ.ವಿ.ಯಲ್ಲಿ ಮುಗ್ಗರಿಸುತ್ತಿರುತ್ತದೆ. ಬಲಶಾಲಿ ಕಾರ್ಡ್ ಇದ್ದವರೇ ಈ ತೊಂದರೆಗೆ ಹೆಚ್ಚು ಸಿಕ್ಕಿಬೀಳುತ್ತಾರೆ, ಮತ್ತು ತಪ್ಪನ್ನು ರೂಟರಿನ ಮೇಲೆ ಹೊರಿಸುತ್ತಾರೆ.

ಹಂತ 6: ಗೇಮ್‌ಪ್ಯಾಡ್

ಗೇಮ್‌ಪ್ಯಾಡನ್ನು ಟಿ.ವಿ. ಅಥವಾ ಪೆಟ್ಟಿಗೆಗೆ ಜೋಡಿಸಿ, ಬೇರೆ ಕೋಣೆಯ ಕಂಪ್ಯೂಟರಿಗಲ್ಲ. ಗುಂಡಿಗಳ ಸುದ್ದಿ ಅದೇ ಜಾಲದಲ್ಲಿ ಹಿಂದಿರುಗಿ ಕಂಪ್ಯೂಟರ್ ಸೇರುತ್ತದೆ. ಬ್ಲೂಟೂತ್ ಜೋಡಿಸುವಾಗ ಎಕ್ಸ್‌ಬಾಕ್ಸ್ ಪ್ಯಾಡಿನಲ್ಲಿ ಮೇಲಂಚಿನ ಪುಟ್ಟ ಗುಂಡಿಯನ್ನು ಒತ್ತಿ ಹಿಡಿಯಬೇಕು. ಪ್ಲೇಸ್ಟೇಷನ್ 5ರ ಪ್ಯಾಡಿನಲ್ಲಿ ನಡುವಿನ ಪಿಎಸ್ ಗುಂಡಿ ಮತ್ತು ಎಡಗಡೆಯ ಕ್ರಿಯೇಟ್ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಬೇಕು. ಟಿ.ವಿ.ಯ ಯುಎಸ್‌ಬಿ ಕಿಂಡಿಗೆ ತಂತಿಯಲ್ಲೇ ಜೋಡಿಸಿದರೆ ಬ್ಲೂಟೂತ್ ತಕರಾರಿನ ಗೊಡವೆಯೇ ಇಲ್ಲ.

ಮೂನ್‌ಲೈಟಿನ ಮೆನುವಿನಲ್ಲಿ ಪ್ಯಾಡ್ ಕೆಲಸ ಮಾಡಿ, ಆಟದೊಳಗೆ ಸತ್ತಂತಿದ್ದರೆ ಕಾರಣ ಸಾಮಾನ್ಯವಾಗಿ ಒಂದೇ: ವಿಂಡೋಸ್‌ನಲ್ಲಿ ವಿಜೆಮ್‌ಬಸ್ ಎಂಬ ಪುಟ್ಟ ಡ್ರೈವರ್ ಇಲ್ಲ. ದೂರದಿಂದ ಬರುವ ಗುಂಡಿಗಳ ಸುದ್ದಿಯನ್ನು ಆಟಕ್ಕೆ ನಿಜವಾದ ಪ್ಯಾಡಿನಂತೆ ತೋರಿಸುವುದು ಅದೇ. ಅದನ್ನು ಹಾಕಿ ಕಂಪ್ಯೂಟರನ್ನು ಒಮ್ಮೆ ಮರುಚಾಲೂ ಮಾಡಿ. ಆಟದ ನಡುವೆ ಮೌಸ್ ಬೇಕೆನಿಸಿದರೆ ಪ್ಯಾಡಿನ ಸ್ಟಾರ್ಟ್ ಗುಂಡಿಯನ್ನು ಕೆಲಹೊತ್ತು ಒತ್ತಿ ಹಿಡಿಯಿರಿ. ಮೂನ್‌ಲೈಟ್ ಅದನ್ನೇ ಮೌಸ್ ಮಾಡಿಕೊಡುತ್ತದೆ.

ಹಂತ 7: ಅಳೆಯಿರಿ, ಆಮೇಲೆ ತಿದ್ದಿ

ಮೂನ್‌ಲೈಟಿನ ಸೆಟ್ಟಿಂಗ್‌ನಲ್ಲಿ ಆಡುವಾಗ ಅಂಕಿಅಂಶ ತೋರಿಸುವ ಆಯ್ಕೆಯಿದೆ. ಅದನ್ನು ಹಾಕಿಕೊಂಡು ಹತ್ತು ನಿಮಿಷ ಆಡಿ. ಪರದೆಯ ಮೂಲೆಯಲ್ಲಿ ಬರುವ ಅಂಕಿಗಳಲ್ಲಿ ಮೂರನ್ನು ನೋಡಿದರೆ ಸಾಕು.

ಕಂಪ್ಯೂಟರ್ ಬದಿಯ ಸಂಸ್ಕರಣೆಯ ಸಮಯ ಏರಿದ್ದರೆ ಗ್ರಾಫಿಕ್ಸ್ ಕಾರ್ಡ್ ದಣಿದಿದೆ. ಫ್ರೇಮ್ ಮಿತಿ ಹಾಕಿದ್ದೀರಾ ನೋಡಿ, ಆಟದ ಚಿತ್ರಗುಣವನ್ನು ಒಂದು ಮೆಟ್ಟಿಲು ಇಳಿಸಿ. ಜಾಲದ ವಿಳಂಬ ಏರುಪೇರಾಗುತ್ತಿದ್ದರೆ ಅಥವಾ ಜಾಲದಲ್ಲಿ ಕಳೆದುಹೋದ ಫ್ರೇಮುಗಳ ಶೇಕಡಾವಾರು ಸೊನ್ನೆಗಿಂತ ಮೇಲಿದ್ದರೆ ಮೊದಲನೇ ಹಂತಕ್ಕೆ ಮರಳಬೇಕು. ಬಿಚ್ಚುವ ಸಮಯ, ಅಂದರೆ ಡಿಕೋಡಿಂಗ್, 16 ಮಿಲಿಸೆಕೆಂಡಿನ ಹತ್ತಿರ ಸುಳಿದಾಡುತ್ತಿದ್ದರೆ ಟಿ.ವಿ.ಯ ಚಿಪ್ಪಿಗೆ ಒಂದು ಫ್ರೇಮ್ ಬಿಚ್ಚುವಷ್ಟರಲ್ಲಿ ಇನ್ನೊಂದು ಬಂದು ಬೀಳುತ್ತಿದೆ ಎಂದರ್ಥ. ಕೋಡೆಕ್ ಬದಲಿಸಿ ನೋಡಿ, ಬಿಟ್‌ರೇಟ್ ಇಳಿಸಿ ನೋಡಿ. ಆಗಲೂ ತಗ್ಗದಿದ್ದರೆ ಆ ಟಿ.ವಿ.ಯೊಳಗಿನ ಆ್ಯಪನ್ನು ಬಿಟ್ಟು ಪ್ರತ್ಯೇಕ ಪೆಟ್ಟಿಗೆ ಹಾಕುವುದೇ ದಾರಿ.

ಟಿ.ವಿ. ತಾನೇ ನುಂಗುವ ಸಮಯ ಮಾತ್ರ ಈ ಅಂಕಿಗಳಲ್ಲಿ ಬರುವುದಿಲ್ಲ, ಏಕೆಂದರೆ ಆ್ಯಪಿಗೆ ಅದು ಗೊತ್ತಾಗುವ ಬಗೆಯಿಲ್ಲ. ಅದಕ್ಕೆ ನಿಮ್ಮ ಮೊಬೈಲ್ ಕ್ಯಾಮೆರಾ ಸಾಕು. ನಿಧಾನಗತಿಯ ವಿಡಿಯೊವನ್ನು ಸೆಕೆಂಡಿಗೆ 240 ಫ್ರೇಮ್‌ಗೆ ಇಡಿ. ಹೆಬ್ಬೆರಳು, ಗುಂಡಿ ಮತ್ತು ಹಿಂದೆ ಟಿ.ವಿ. ಪರದೆ ಮೂರೂ ಚೌಕಟ್ಟಿನೊಳಗೆ ಬರುವಂತೆ ಮೊಬೈಲನ್ನು ಯಾವುದಕ್ಕಾದರೂ ಒರಗಿಸಿ. ಜಿಗಿಯುವ ಗುಂಡಿಯನ್ನು ಹತ್ತು ಸಲ ಒತ್ತಿ. ಆಮೇಲೆ ವಿಡಿಯೊವನ್ನು ಒಂದೊಂದೇ ಫ್ರೇಮಾಗಿ ಸರಿಸುತ್ತ ಹೋಗಿ: ಗುಂಡಿ ತಳ ಮುಟ್ಟಿದ ಫ್ರೇಮಿನಿಂದ, ಪಾತ್ರದ ಮೊಣಕಾಲು ಮಡಚಿದ ಫ್ರೇಮಿನವರೆಗೆ ಎಣಿಸಿ. ಒಂದೊಂದು ಫ್ರೇಮೂ 4.2 ಮಿಲಿಸೆಕೆಂಡು. 30 ಬಂದರೆ 125 ಮಿಲಿಸೆಕೆಂಡು.

ಆ ಅಂಕಿ ನೋಡಿ ಕುಗ್ಗಬೇಡಿ. ಅದರಲ್ಲಿ ಆಟದ ಸ್ವಂತ ವಿಳಂಬವೂ ಸೇರಿದೆ. ಅದೇ ಆಟವನ್ನು ಕಂಪ್ಯೂಟರಿನ ಮಾನಿಟರಿನ ಮುಂದೆ ಕುಳಿತು ಹಾಗೆಯೇ ಚಿತ್ರೀಕರಿಸಿ. ಅಲ್ಲಿ 20 ಫ್ರೇಮ್ ಬಂದರೆ ಆಟದ್ದು 83 ಮಿಲಿಸೆಕೆಂಡು, ರವಾನೆ ಮತ್ತು ಟಿ.ವಿ. ಸೇರಿಸಿದ್ದು 42 ಮಾತ್ರ. ಇನ್ನು ಗೇಮ್ ಮೋಡ್ ಆಫ್ ಮಾಡಿ ಮತ್ತೊಮ್ಮೆ ಎಣಿಸಿದರೆ ಟಿ.ವಿ.ಯ ಅಲಂಕಾರಗಳು ಎಷ್ಟು ಕದಿಯುತ್ತಿದ್ದವು ಎಂದು ಕಣ್ಣಾರೆ ಕಾಣುತ್ತದೆ.

ಪದೇ ಪದೇ ಕೇಳಿಬರುವ ಎರಡು ಲಕ್ಷಣಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಗಡಿಯಾರ ಹಿಡಿದಂತೆ ಇಷ್ಟಿಷ್ಟು ಹೊತ್ತಿಗೆ ಒಮ್ಮೆ ಚಿತ್ರ ತಡೆದರೆ, ಯಾವುದೋ ಸಾಧನ ಹಿನ್ನೆಲೆಯಲ್ಲಿ ಬೇರೆ ವೈಫೈಗಳನ್ನು ಹುಡುಕುತ್ತಿರುವ ಸಾಧ್ಯತೆ ಹೆಚ್ಚು. ಕೇಬಲ್ ಹಾಕಿದರೆ ಅದು ನಿಲ್ಲುತ್ತದೆ. ಚಿತ್ರವೆಲ್ಲ ಸ್ಪಷ್ಟವಿದ್ದು ಕೆಂಪು ಬಣ್ಣದ ಸಣ್ಣ ಅಕ್ಷರಗಳು ಮಾತ್ರ ಕಲೆಸಿದಂತೆ ಕಂಡರೆ ಜಾಲದ ದೋಷವಲ್ಲ. ಹಿಂಡುವಾಗ ಬೆಳಕಿನ ವಿವರವನ್ನು ಪೂರ್ತಿ ಉಳಿಸಿ, ಬಣ್ಣದ ವಿವರವನ್ನು ನಾಲ್ಕು ಚುಕ್ಕೆಗೆ ಒಂದರಂತೆ ಕಳುಹಿಸುವುದರ ಫಲ ಅದು. ಬಿಟ್‌ರೇಟ್ ಎಷ್ಟು ಏರಿಸಿದರೂ ಪೂರ್ತಿ ಹೋಗುವುದಿಲ್ಲ.

ಹಂತ 8: ದಿನಬಳಕೆಗೆ

ಸೋಫಾದಿಂದ ಏಳದೆ ಕಂಪ್ಯೂಟರನ್ನು ಎಬ್ಬಿಸಬೇಕೆಂದರೆ ವೇಕ್ ಆನ್ ಲ್ಯಾನ್ ಎಂಬ ಸೌಲಭ್ಯವಿದೆ. ಜಾಲದಲ್ಲಿ ಒಂದು ವಿಶೇಷ ಪೊಟ್ಟಣ ಬಂದರೆ ಮಲಗಿದ ಕಂಪ್ಯೂಟರ್ ಎದ್ದುಕೊಳ್ಳುತ್ತದೆ. ಕಂಪ್ಯೂಟರ್ ಚಾಲೂ ಆಗುವಾಗಲೇ ತೆರೆಯಬೇಕಾದ ಬಯೋಸ್ ಸೆಟ್ಟಿಂಗ್‌ನಲ್ಲಿ ಮತ್ತು ವಿಂಡೋಸ್‌ನ ನೆಟ್‌ವರ್ಕ್ ಕಾರ್ಡಿನ ಗುಣಗಳಲ್ಲಿ, ಎರಡೂ ಕಡೆ ಚಾಲೂ ಮಾಡಬೇಕು. ಸಾಮಾನ್ಯವಾಗಿ ಇದು ಕೇಬಲ್ ಇದ್ದರೆ ಮಾತ್ರ ನೆಚ್ಚಿಕೊಳ್ಳುವಂತೆ ಕೆಲಸ ಮಾಡುತ್ತದೆ.

ಮಾನಿಟರ್ ಆರಿಸಿದ ಕೂಡಲೇ ಟಿ.ವಿ.ಯಲ್ಲೂ ಚಿತ್ರ ಹೋದರೆ, ಕಂಪ್ಯೂಟರಿಗೆ ತನ್ನ ಬಳಿ ಪರದೆಯೇ ಇಲ್ಲವೆಂಬ ಭಾವನೆ ಬಂದಿದೆ. ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚುವ, ಬೆರಳುದ್ದದ ನಕಲಿ ಎಚ್‌ಡಿಎಮ್‌ಐ ಪ್ಲಗ್ ಸಿಗುತ್ತದೆ. ಅದನ್ನು ಚುಚ್ಚಿದರೆ ಕಂಪ್ಯೂಟರ್ ಅದನ್ನೇ ಪರದೆಯೆಂದು ನಂಬುತ್ತದೆ.

ಮನೆಯ ಹೊರಗಿನಿಂದಲೂ ಆಡುವ ಆಸೆಗೆ ರೂಟರಿನಲ್ಲಿ ಪೋರ್ಟುಗಳನ್ನು ಹೊರಜಗತ್ತಿಗೆ ತೆರೆಯಬೇಡಿ. ಇಡೀ ಕಂಪ್ಯೂಟರಿನ ಪರದೆ ಮತ್ತು ಕೀಬೋರ್ಡ್ ಆ ಬಾಗಿಲಿನ ಹಿಂದಿವೆ. ಅಂಥ ಅಗತ್ಯ ಬಿದ್ದರೆ ವಿಪಿಎನ್ ಮೂಲಕ, ಅಂದರೆ ಗೂಢಲಿಪಿಯ ಖಾಸಗಿ ಸುರಂಗದ ಮೂಲಕ, ಮನೆಯ ಜಾಲಕ್ಕೆ ಸೇರಿ ಆಡಿ.

ಆಟ ಮುಗಿಸುವಾಗ ಮೂನ್‌ಲೈಟಿನಿಂದ ಹೊರಬಂದರೆ ಸಂಪರ್ಕ ಮಾತ್ರ ಕಡಿಯುತ್ತದೆ, ಆಟ ಕಂಪ್ಯೂಟರಿನಲ್ಲಿ ಓಡುತ್ತಲೇ ಇರುತ್ತದೆ. ಊಟ ಮುಗಿಸಿ ಬಂದು ಮುಂದುವರಿಸುವವರಿಗೆ ಇದು ಅನುಕೂಲ. ಆ ದಿನಕ್ಕೆ ಸಾಕು ಎನ್ನುವವರು ಆಟದೊಳಗಿನ ಪ್ರಗತಿಯನ್ನು ಉಳಿಸಿ, ಆಟವನ್ನೇ ಮುಚ್ಚಿ, ಆಮೇಲೆ ಹೊರಬನ್ನಿ. ಇಲ್ಲದಿದ್ದರೆ ಬೆಳಿಗ್ಗೆ ಕೋಣೆಗೆ ಹೋದಾಗ ಗ್ರಾಫಿಕ್ಸ್ ಕಾರ್ಡಿನ ಫ್ಯಾನುಗಳು ಇನ್ನೂ ತಿರುಗುತ್ತಿರುತ್ತವೆ.